ಗೇಜ್ ಕಡ್ಡಿಯಲ್ಲಿ ಆಯಿಲ್ ಏರಿದಾಗ: ಡೀಸೆಲ್ ಪಿಕಪ್‌ನ ದೋಷ ಹುಡುಕುವ ಬಗೆ

ಬಿಸಿ ಎಂಜಿನ್ ಸ್ಲೋದಲ್ಲಿ ನಿಂತಾಗ ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ ಒತ್ತಡದ ಕೆಂಪು ಬತ್ತಿ ಮಿಣುಕುತ್ತದೆ. ತುಸು ರೇಸ್ ಕೊಟ್ಟರೆ ಆರುತ್ತದೆ, ಕಾಲು ತೆಗೆದರೆ ಮತ್ತೆ ಹತ್ತುತ್ತದೆ. ಬೆಳಗ್ಗೆ ತಣ್ಣಗಿದ್ದಾಗ ಏನೂ ಇಲ್ಲ. ಹೊಗೆ ಮಾಲಿನ್ಯದ ಹೊಸ ನಿಯಮ ಬಿಎಸ್6ರ ನಮ್ಮ ಪಿಕಪ್ ಈ ರೋಗ ತೋರಿಸಿದಾಗ ವಿಜಯಪುರದಲ್ಲಿ ಎರಡು ಅಂಗಡಿಗಳಲ್ಲಿ ಕೇಳಿದೆ. ಎರಡೂ ಕಡೆ ಒಂದೇ ಉತ್ತರ: "ಸಿಂಥೆಟಿಕ್ ಹಾಕ್ಸೀರೇನ್ರೀ? ಅದು ನೀರಿನಂಗ ತೆಳ್ಳಗ ಇರ್ತೈತಿ. ನಮ್ಮ ಬಿಸಲಿಗೆ ದಪ್ಪಂದು ಬೇಕು." ನಂಬಿದೆ. ಒಳಗಿದ್ದ 5ಡಬ್ಲ್ಯು-30 ಸಿಂಥೆಟಿಕ್ ತೆಗೆಸಿ 20ಡಬ್ಲ್ಯು-50 ಹಾಕಿಸಿದೆ. ಬತ್ತಿ ಆರಿತು. ಮೂರು ವಾರಕ್ಕೆ ಮತ್ತೆ ಹತ್ತಿತು. ಈ ಸಲ ಜೊತೆಗೆ ಒಂದು ಹಳದಿ ಬತ್ತಿಯನ್ನೂ ಕರೆದುಕೊಂಡು ಬಂತು.

ಯಾವ ಆಯಿಲ್ ಹಾಕಬೇಕು ಎಂಬ ಪ್ರಶ್ನೆಗೆ ಮೊದಲೇ ಕೈ ಹಾಕಿದ್ದು ನನ್ನ ತಪ್ಪು. ಒಳಗಿರುವ ಆಯಿಲ್‌ಗೆ ಏನಾಗಿದೆ ಎಂದು ಮೊದಲು ನೋಡಬೇಕಿತ್ತು. ಇಲ್ಲಿ ಬರೆದಿರುವುದು, ಕಡೆಗೂ ನಾವು ನೋಡಿದ ಕ್ರಮ.

ಬತ್ತಿ ಯಾವ ಹೊತ್ತಿಗೆ ಹತ್ತುತ್ತದೆ

ಓಡುವಾಗ, ರೇಸ್ ಇದ್ದಾಗಲೂ ಹತ್ತಿ ಆರದೇ ನಿಂತರೆ ಬೇರೇನೂ ಯೋಚಿಸಬೇಡಿ. ಪಕ್ಕಕ್ಕೆ ಹಾಕಿ ಎಂಜಿನ್ ಬಂದ್ ಮಾಡಿ. ಊರು ಇನ್ನೆರಡೇ ಕಿಲೋಮೀಟರ್ ಅಂತ ಹೊಡೆದುಕೊಂಡು ಬಂದವರ ಕ್ರ್ಯಾಂಕ್ ಬೇರಿಂಗ್ ನೋಡಿದ್ದೇನೆ. ತಾಮ್ರದ ಬಣ್ಣ ಹೊರಗೆ ಬಂದಿತ್ತು.

ತಿರುವಿನಲ್ಲಿ, ಜೋರಾಗಿ ಬ್ರೇಕ್ ಹಿಡಿದಾಗ ಅಥವಾ ಘಾಟಿ ಏರುವಾಗ ಮಾತ್ರ ಹತ್ತಿದರೆ ಚೇಂಬರಿನಲ್ಲಿ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಯಲ್ಲಿ, ಆಯಿಲ್ ಕಡಿಮೆ ಇದೆ. ಒಂದು ಕಡೆ ಸರಿದು ಪಂಪಿನ ಜಾಳಿಗೆಗೆ ಗಾಳಿ ಸಿಗುತ್ತಿದೆ. ಬೆಳಗಿನ ಮೊದಲ ಸ್ಟಾರ್ಟಿಂಗ್‌ನಲ್ಲಿ ಬತ್ತಿ ಆರಲು ನಾಲ್ಕೈದು ಸೆಕೆಂಡು ಹಿಡಿದು, ಆಮೇಲೆ ದಿನವಿಡೀ ಸುಮ್ಮನಿದ್ದರೆ ಆಯಿಲ್ ಫಿಲ್ಟರಿನ ಒಳಗಿನ ರಬ್ಬರ್ ವಾಲ್ವ್ ಮೇಲೆ ಅನುಮಾನ ಪಡಿ. ರಾತ್ರಿ ಆಯಿಲ್ ಫಿಲ್ಟರಿನಿಂದ ಕೆಳಗಿಳಿಯದಂತೆ ತಡೆಯುವುದು ಅದೇ. ಅಗ್ಗದ ಫಿಲ್ಟರಿನಲ್ಲಿ ಮೊದಲು ಸೋಲುವುದೂ ಅದೇ.

ಬಿಸಿಯಾದ ಮೇಲೆ ಸ್ಲೋದಲ್ಲಿ ಮಾತ್ರ ಮಿಣುಕುವುದು, ಅಂದರೆ ನಮ್ಮ ಕಥೆ, ಎಲ್ಲಕ್ಕಿಂತ ಮೋಸದ್ದು. ಅದಕ್ಕೆ ಕಾರಣ ಆರೇಳು ಇರಬಹುದು: ಆಯಿಲ್ ತೆಳ್ಳಗಾಗಿರುವುದು, ಪಂಪ್ ಸವೆದಿರುವುದು, ಒತ್ತಡ ಬಿಡುಗಡೆಯ ವಾಲ್ವ್ ತೆರೆದೇ ಕಚ್ಚಿಕೊಂಡಿರುವುದು, ಬೇರಿಂಗ್ ಸಡಿಲಾಗಿರುವುದು, ಜಾಳಿಗೆಯಲ್ಲಿ ಕೆಸರು ಕಟ್ಟಿರುವುದು, ಇಲ್ಲವೇ ಬರೀ ಸ್ವಿಚ್ ಕೆಟ್ಟಿರುವುದು. ಇದರಲ್ಲಿ ಒಂದಕ್ಕೆ ಇನ್ನೂರು ಮುನ್ನೂರು ರೂಪಾಯಿ ಸಾಕು, ಇನ್ನೊಂದಕ್ಕೆ ಎಂಜಿನ್ ಪೂರ್ತಿ ಬಿಚ್ಚಬೇಕು. ಆದ್ದರಿಂದ ಪೈಸೆ ಖರ್ಚಿಲ್ಲದ ಪರೀಕ್ಷೆಯಿಂದ ಶುರು ಮಾಡುವುದು ಜಾಣತನ.

ಕಡ್ಡಿ ಎಳೆದು ನೋಡುವುದು

ಸಮತಟ್ಟು ಜಾಗ, ಬಂದ್ ಮಾಡಿ ಹತ್ತು ನಿಮಿಷ, ಒಮ್ಮೆ ಒರೆಸಿ ಮತ್ತೆ ಹಾಕಿ ತೆಗೆಯುವುದು. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಬೇರೆ. ನಮ್ಮವರಿಗೆ ಆಯಿಲ್ ಕಡಿಮೆಯಾದರೆ ಗಾಬರಿ, ಹೆಚ್ಚಾದರೆ ಸಮಾಧಾನ. ನಮ್ಮ ಗಾಡಿ ಓಡಿಸುವವನು ನನ್ನ ಅಳಿಯ, ಅಕ್ಕನ ಮಗ. ಬಬಲೇಶ್ವರ ಕಡೆಯ ಹಳ್ಳಿಗಳಿಂದ ಬೆಳಗ್ಗೆ ಸಂಜೆ ಹಾಲಿನ ಕ್ಯಾನು ತರುತ್ತಾನೆ. ಕೇಳಿದರೆ ಅವನು ಹೆಮ್ಮೆಯಿಂದ ಹೇಳಿದ್ದು: "ಮಾಮಾ, ನಮ್ಮ ಗಾಡಿ ಒಂದ್ ಹನಿ ಆಯಿಲ್ ಕುಡಿಯಂಗಿಲ್ಲ. ಹಾಕಿದ್ದಕ್ಕಿಂತ ಜಾಸ್ತಿನ ಐತಿ." ನಾನೂ ತಲೆಯಾಡಿಸಿದ್ದೆ.

ನಮ್ಮನ್ನು ಎಚ್ಚರಿಸಿದವರು ಬೈಪಾಸ್ ಹತ್ತಿರದ ವಯಸ್ಸಾದ ಮಿಸ್ತ್ರಿ. ಕಡ್ಡಿ ನೋಡಿದರು, ಮೇಲಿನ ಗುರುತಿಗಿಂತ ಒಂದು ಬೆರಳು ಮೇಲಿತ್ತು. ಮೂಗಿನ ಹತ್ತಿರ ಹಿಡಿದರು. "ತಮ್ಮಾ, ಎಣ್ಣಿ ತಾನಾಗೇ ಹೆಚ್ಚಾದ್ರ ಖುಷಿ ಪಡಬ್ಯಾಡ. ಎಲ್ಲಿಂದ ಬಂತು ಕೇಳು."

ಚೇಂಬರಿಗೆ ಹೊರಗಿನಿಂದ ಸೇರಬಹುದಾದದ್ದು ಎರಡೇ: ನೀರು ಅಥವಾ ಡೀಸೆಲ್.

ನೀರು ಸೇರಿದರೆ ಎಂಜಿನ್ ತಂಪಾಗಿಡುವ ಕೂಲೆಂಟ್ ನೀರಿನ ಡಬ್ಬಿಯಲ್ಲಿ ಮಟ್ಟ ಇಳಿಯುತ್ತದೆ, ಆಯಿಲ್ ಹಾಕುವ ಮುಚ್ಚಳದ ಒಳಗೆ ಬೆಣ್ಣೆಯಂಥ ಬಿಳಿ ನೊರೆ ಕಟ್ಟುತ್ತದೆ. ಆದರೆ ಮಳೆಗಾಲದಲ್ಲಿ ಬರೀ ಸಣ್ಣ ಸಣ್ಣ ದೂರ ಓಡಿದ ಗಾಡಿಯಲ್ಲೂ ಮುಚ್ಚಳಕ್ಕೆ ಅಷ್ಟು ನೊರೆ ಬರುತ್ತದೆ. ಅದೊಂದನ್ನೇ ನಂಬಿ ಹೆಡ್ ಬಿಚ್ಚಬೇಡಿ. ಕಡ್ಡಿಯಿಂದ ಎರಡು ಹನಿ ತೆಗೆದು, ಅಂಗಳದಲ್ಲಿ ಚೆನ್ನಾಗಿ ಕಾದ ಹಳೆಯ ತವೆಯ ಮೇಲೆ ಬಿಡಿ. ಒಗ್ಗರಣೆಯ ಸಾಸಿವೆಯಂತೆ ಚಟಪಟ ಸಿಡಿದರೆ ನೀರಿದೆ. ಸುಮ್ಮನೆ ಹೊಗೆಯಾಡಿದರೆ ಇಲ್ಲ. ಎರಡೇ ಹನಿ, ಉರಿ ಆರಿಸಿದ ಮೇಲೆ, ಮುಖ ದೂರ ಇಟ್ಟು. ಆ ತವೆಯನ್ನು ಮತ್ತೆ ಅಡುಗೆಮನೆಗೆ ಒಯ್ಯಬೇಡಿ. ನಮ್ಮ ಮನೆಯಲ್ಲಿ ಇದಕ್ಕೊಂದು ಜಗಳವೇ ಆಗಿದೆ.

ಡೀಸೆಲ್ ಸೇರಿದರೆ ವಾಸನೆ ಬರುತ್ತದೆ, ಬೆರಳುಗಳ ನಡುವೆ ತಿಕ್ಕಿದರೆ ಜಿಗುಟಿಲ್ಲದೆ ಜಾರುತ್ತದೆ. ಅನುಮಾನವಿದ್ದರೆ ಫಿಲ್ಟರ್ ಕಾಗದದ ಮೇಲೆ ಬಿಸಿ ಆಯಿಲಿನ ಒಂದು ಹನಿ ಹಾಕಿ ಒಂದು ರಾತ್ರಿ ಇಡಿ, ಪಕ್ಕದಲ್ಲಿ ಹೊಸ ಆಯಿಲಿನ ಹನಿ. ಬಳಸಿದ ಆಯಿಲ್‌ನಲ್ಲಿ ಮಧ್ಯೆ ಕರಿ ಚುಕ್ಕೆ, ಸುತ್ತ ಬೂದು ಬಣ್ಣ ಇರುವುದು ಸಹಜ. ಅದರಾಚೆಗೆ ಅಗಲವಾಗಿ, ಬೆಳಕಿಗೆ ಹಿಡಿದರೆ ಪಾರದರ್ಶಕವಾಗಿ ಕಾಣುವ ತಿಳಿ ಉಂಗುರ ಹರಡಿದ್ದರೆ ಅದು ಡೀಸೆಲ್. ನಮ್ಮದರಲ್ಲಿ ಆ ಉಂಗುರ ಅಂಗೈಯಷ್ಟಿತ್ತು.

ಇದೇ ಮಾತಿಗೆ ಇನ್ನೊಂದು: ಬದಲಿಸಿದ ಎರಡು ದಿನಕ್ಕೇ ಆಯಿಲ್ ಕಪ್ಪಾಯಿತು ಎಂದು ದೂರುವವರು ಬಹಳ. ಡೀಸೆಲ್ ಎಂಜಿನ್‌ನಲ್ಲಿ ಅದು ದೋಷವಲ್ಲ. ಉರಿಯ ಮಸಿಯನ್ನು ಒಂದೆಡೆ ಕೂರಲು ಬಿಡದೆ ತನ್ನೊಳಗೆ ತೇಲಿಸಿಕೊಂಡಿರುವುದು ಆ ಆಯಿಲಿನ ಕೆಲಸ.

ಹೆಚ್ಚಾದರೆ ಏನಾಗುತ್ತದೆ

ನೂರಕ್ಕೆ ಐದು ಪಾಲು ಡೀಸೆಲ್ ಬೆರೆತರೂ ದಪ್ಪದಲ್ಲಿ 40ರ ದರ್ಜೆಯ ಆಯಿಲ್ 30ರ ದರ್ಜೆಗೆ ಇಳಿಯಬಲ್ಲದು. ಬೇರಿಂಗಿನ ಮೇಲಿನ ಪದರ ತೆಳುವಾಗುತ್ತದೆ, ಸ್ಲೋದಲ್ಲಿ ಒತ್ತಡ ಬೀಳುತ್ತದೆ. ಮಟ್ಟ ತೀರ ಏರಿದರೆ ತಿರುಗುವ ಕ್ರ್ಯಾಂಕ್ ಆಯಿಲನ್ನು ಮಜ್ಜಿಗೆ ಕಡೆದಂತೆ ಕಡೆದು ನೊರೆ ಮಾಡುತ್ತದೆ; ನೊರೆಯಿಂದ ಒತ್ತಡ ಹುಟ್ಟುವುದಿಲ್ಲ. ಇನ್ನೂ ಏರಿದರೆ ಎಂಜಿನ್ ಒಳಗಿನ ಆವಿ ಹೊರಬಿಡುವ ಬ್ರೀದರ್ ಪೈಪಿನಿಂದ ಆಯಿಲ್ ಗಾಳಿಯ ದಾರಿಗೆ ಹೋಗಿ, ಎಂಜಿನ್ ಅದನ್ನೇ ಇಂಧನವೆಂದು ಸುಡತೊಡಗುತ್ತದೆ. ಆಗ ಕೀ ತೆಗೆದರೂ ಗಾಡಿ ನಿಲ್ಲುವುದಿಲ್ಲ, ರೇಸ್ ತಾನಾಗಿ ಏರುತ್ತಲೇ ಹೋಗುತ್ತದೆ. ಮ್ಯಾನುಯಲ್ ಗೇರಿನ ಗಾಡಿಯಾದರೆ ಬ್ರೇಕ್ ಒತ್ತಿ ಹಿಡಿದು, ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಎಂಜಿನ್ ಕುಂದಿಸುವುದೇ ಉಪಾಯ. ಬಾನೆಟ್ ಮೇಲೆ ಬಾಗಿ ಕೈ ಹಾಕಲು ಹೋಗಬೇಡಿ.

ಆದ್ದರಿಂದ ಕಡ್ಡಿಯಲ್ಲಿ ಗುರುತು ಮೀರಿದ್ದರೆ ಅವತ್ತೇ ಇಳಿಸಿ. ನಾಳೆಯ ಹಾಲು ಬೇರೆ ಗಾಡಿಯಲ್ಲಿ ಬರಲಿ.

ಡೀಸೆಲ್ ಎಲ್ಲಿಂದ ಬಂತು

ಹಳೆಯ ಗಾಡಿಯಲ್ಲಿ ಎಂಜಿನ್ ಪಕ್ಕದ ಫೀಡ್ ಪಂಪಿನ ಪದರ ಹರಿದು ಡೀಸೆಲ್ ಚೇಂಬರಿಗೆ ಇಳಿಯಬಹುದು. ಯಾವ ಗಾಡಿಯಲ್ಲಾದರೂ ನೋಜಲ್ ಸೋರಬಹುದು. ಆದರೆ ಆಗ ಬೆಳಗಿನ ಸ್ಟಾರ್ಟಿಂಗ್ ಕೆಡುತ್ತದೆ, ಬಿಳಿ ಹೊಗೆ, ಒಂದು ಸಿಲಿಂಡರ್ ಕುಟ್ಟುವ ಸದ್ದು ಇರುತ್ತದೆ. ನಮ್ಮದರಲ್ಲಿ ಅದ್ಯಾವುದೂ ಇರಲಿಲ್ಲ. ಇದ್ದದ್ದು ಹಳದಿ ಬತ್ತಿ, ಹೊಗೆಯ ಮಸಿ ಹಿಡಿಯುವ ಫಿಲ್ಟರಾದ ಡಿಪಿಎಫ್‌ನದ್ದು.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಹೊಸದಾಗಿ ಮಾರುವ ಗಾಡಿಗಳಿಗೆ ಬಿಎಸ್6 ಕಡ್ಡಾಯವಾಯಿತು. ಹೆಚ್ಚಿನ ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಬಂತು. ಮಸಿ ತುಂಬಿದಾಗ ಎಂಜಿನಿನ ಕಂಪ್ಯೂಟರ್ ಹೆಚ್ಚುವರಿ ಡೀಸೆಲ್ ಸಿಂಪಡಿಸಿ, ಫಿಲ್ಟರನ್ನು ಸುಮಾರು 600 ಡಿಗ್ರಿಗೆ ಕಾಯಿಸಿ ಮಸಿ ಸುಡುತ್ತದೆ. ಇದಕ್ಕೆ ಹದಿನೈದು ಇಪ್ಪತ್ತು ನಿಮಿಷದ ಒಂದೇ ಸಮನಾದ ಓಟ ಬೇಕು. ನಮ್ಮ ಗಾಡಿಯ ದಾರಿಯಲ್ಲಿ ಹದಿನಾಲ್ಕು ನಿಲ್ದಾಣ. ಒಂದು ಕಡೆ ಶುರುವಾದ ಸುಡುವಿಕೆ ಮುಂದಿನ ಹಳ್ಳಿಯ ಡೇರಿ ಮುಂದೆ ಕೀ ತಿರುಗಿಸಿದಾಗ ನಿಲ್ಲುತ್ತದೆ. ಸಿಂಪಡಿಸಿದ ಡೀಸೆಲಿನ ಒಂದು ಪಾಲು ಉರಿಯದೆ ಸಿಲಿಂಡರ್ ಗೋಡೆ ಹಿಡಿದು, ರಿಂಗ್ ದಾಟಿ ಕೆಳಗಿಳಿಯುತ್ತದೆ. ನಾಳೆ ಮತ್ತೆ ಶುರು, ಮತ್ತೆ ಅರ್ಧಕ್ಕೆ.

ಇಷ್ಟಕ್ಕೇ ನಾವು ನಿಲ್ಲಿಸಿದ್ದರೆ ದಾರಿಯನ್ನೇ ದೂರಿ ಸುಮ್ಮನಾಗುತ್ತಿದ್ದೆವು. ಆದರೆ ಅದೇ ದಾರಿಯಲ್ಲಿ ಅದೇ ಗಾಡಿ ಮೊದಲು ಸರಿಯಾಗಿಯೇ ಓಡಿತ್ತು. ಏನು ಬದಲಾಯಿತು?

ಎಂಜಿನಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಚ್ಚಿದಾಗ ಸಿಕ್ಕಿತು. ಅರ್ಧ ಗಂಟೆ ಓಡಿದ ಎಂಜಿನ್ನಿನ ಕೂಲೆಂಟ್ ಬಿಸಿ 61 ಡಿಗ್ರಿ ತೋರಿಸುತ್ತಿತ್ತು. ಅದು 80 ದಾಟಿ ನಿಲ್ಲಬೇಕು. ಮಿಸ್ತ್ರಿ ನನ್ನ ಮುಖ ನೋಡಿದರು. "ಥರ್ಮೋಸ್ಟಾಟ್ ತೆಗಿಸೀರೇನು?"

ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್ ಅದು. ತೆಗೆಸಿದ್ದೆವು. ಹಿಂದಿನ ಏಪ್ರಿಲ್‌ನಲ್ಲಿ ಒಣದ್ರಾಕ್ಷಿ ಲೋಡ್ ಹಾಕಿಕೊಂಡು ತಾಸಗಾವಿಗೆ ಹೋಗುವಾಗ ಗಾಡಿ ಕಾಯ್ದಿತ್ತು. ಬಿಸಿಯಾಗದಿರಲಿ ಎಂದು ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಹಾಕಿಸಿದ್ದು ನಾನೇ. ನಮ್ಮ ಕಡೆ ಬೇಸಿಗೆಯಲ್ಲಿ ಇದು ಮಾಮೂಲಿ ಚಿಕಿತ್ಸೆ. ಅಂದು ನಿಜವಾದ ಕಾರಣ ರೇಡಿಯೇಟರ್ ರೆಕ್ಕೆಗಳ ಮಧ್ಯೆ ಕಟ್ಟಿದ್ದ ಎರೆಮಣ್ಣು. ಒಂದು ಬಕೆಟ್ ನೀರು ಸಾಕಾಗುತ್ತಿತ್ತು. ಆಮೇಲೆ ಡ್ಯಾಶ್‌ಬೋರ್ಡಿನ ಬಿಸಿ ಮುಳ್ಳು ವರ್ಷವಿಡೀ ಕೆಳಗೇ ಮಲಗಿತ್ತು, ನಾವು ಅದನ್ನು ಒಳ್ಳೆಯ ಲಕ್ಷಣ ಅಂದುಕೊಂಡೆವು. ತಣ್ಣನೆಯ ಎಂಜಿನ್‌ನಲ್ಲಿ ಮಸಿ ಹೆಚ್ಚು ಹುಟ್ಟುತ್ತದೆ, ಡೀಸೆಲ್ ಗೋಡೆಗೆ ಹೆಚ್ಚು ಅಂಟುತ್ತದೆ, ಫಿಲ್ಟರ್ ಸುಡುವ ಕೆಲಸ ಮುಗಿಯುವಷ್ಟು ಬಿಸಿಯೂ ಸಿಗುವುದಿಲ್ಲ. ಹದಿನಾಲ್ಕು ನಿಲ್ದಾಣದ ದಾರಿಯನ್ನು ಬಿಸಿ ಎಂಜಿನ್ ಹೇಗೋ ತಡೆದುಕೊಂಡಿತ್ತು. ತಣ್ಣನೆಯದಕ್ಕೆ ಆಗಲಿಲ್ಲ.

ನಿಮ್ಮ ಗಾಡಿಯ ಮುಳ್ಳು ಹತ್ತು ಹದಿನೈದು ನಿಮಿಷದ ಓಟದ ನಂತರವೂ ಮಧ್ಯಕ್ಕೆ ಬರದಿದ್ದರೆ, ಆಯಿಲ್ ಅಂಗಡಿಗೆ ಹೋಗುವ ಮುಂಚೆ ಇದನ್ನು ನೋಡಿಸಿ.

ದಪ್ಪ ಆಯಿಲ್ ಮಾಡಿದ ಹೆಚ್ಚಿನ ಹಾನಿ

20ಡಬ್ಲ್ಯು-50 ಬತ್ತಿಯನ್ನು ಮೂರು ವಾರ ಮುಚ್ಚಿಟ್ಟಿತು, ಅಷ್ಟೇ. ಡೀಸೆಲ್ ಇಳಿಯುತ್ತಲೇ ಇತ್ತು. ಮೇಲಾಗಿ ಅದು ಡಿಪಿಎಫ್ ಗಾಡಿಗೆ ಮಾಡಿದ ಆಯಿಲ್ ಅಲ್ಲ. ಎಂಜಿನ್ ಆಯಿಲ್‌ಗೆ ಬೆರೆಸುವ ಕ್ಯಾಲ್ಸಿಯಂ, ಸತುವಿನಂಥ ಲೋಹದ ಅಂಶಗಳು ಉರಿದಾಗ ಬೂದಿಯಾಗುತ್ತವೆ. ಒಲೆಯಲ್ಲಿ ನೋಡಿ: ಕೊಳ್ಳಿಯ ಮಸಿ ಮತ್ತೆ ಉರಿಯುತ್ತದೆ, ಬೂದಿಯನ್ನು ಎಷ್ಟು ಊದಿದರೂ ಉರಿಯುವುದಿಲ್ಲ. ಫಿಲ್ಟರಿನಲ್ಲೂ ಹಾಗೆಯೇ. ಮಸಿ ಸುಟ್ಟು ಹೋಗುತ್ತದೆ, ಬೂದಿ ಉಳಿದು ತೂತು ಮುಚ್ಚುತ್ತದೆ. ಡಿಪಿಎಫ್ ಗಾಡಿಗೆ ಕಡಿಮೆ ಬೂದಿಯ ಆಯಿಲ್ ಎನ್ನುವುದು ಇದಕ್ಕೇ.

ಒತ್ತಡ ಅಳೆದು ನೋಡುವುದು

ಕಡ್ಡಿಯ ಮಟ್ಟ ಸರಿ ಇದ್ದು, ವಾಸನೆ ಇಲ್ಲದೆ, ಉಂಗುರ ಇಲ್ಲದೆ ಬತ್ತಿ ಮಿಣುಕಿದರೆ ಆಯಿಲ್ ಸ್ವಿಚ್ ಬಿಚ್ಚಿ ಅದೇ ಜಾಗಕ್ಕೆ ಮೀಟರ್ ಹಚ್ಚಿಸಿ. ಒಳ್ಳೆಯ ಗ್ಯಾರೇಜಿನಲ್ಲಿ ಅದಿರುತ್ತದೆ, ಕಾಲು ಗಂಟೆಯ ಕೆಲಸ. ಎಂಜಿನ್ ಪೂರ್ತಿ ಬಿಸಿಯಾಗಿರಬೇಕು. ಡೀಸೆಲ್ ಬೆರೆತಿದ್ದಾಗ ನಮ್ಮದು ಸ್ಲೋದಲ್ಲಿ 0.4 ಬಾರ್ ಇತ್ತು. ಸರಿಪಡಿಸಿದ ಮೇಲೆ 1.3. ನಿಮ್ಮ ಗಾಡಿಗೆ ಎಷ್ಟಿರಬೇಕು ಎಂಬುದು ಅದರ ಸರ್ವಿಸ್ ಪುಸ್ತಕದಲ್ಲಿರುತ್ತದೆ. ಮೀಟರ್ ಸರಿಯಾದ ಒತ್ತಡ ತೋರಿಸಿ ಬತ್ತಿ ಮಾತ್ರ ಹತ್ತುತ್ತಿದ್ದರೆ ಸ್ವಿಚ್ ಬದಲಿಸಿ ಮನೆಗೆ ಹೋಗಿ. ಒಳ್ಳೆಯ ಆಯಿಲ್ ಇದ್ದೂ ಸ್ಲೋದಲ್ಲೂ ರೇಸಿನಲ್ಲೂ ಒತ್ತಡ ಬಿದ್ದಿದ್ದರೆ ಪಂಪ್, ಜಾಳಿಗೆ, ಬೇರಿಂಗ್. ಆಗ ಚೇಂಬರ್ ಇಳಿಸದೆ ವಿಧಿಯಿಲ್ಲ.

ಕಡ್ಡಿಯಲ್ಲಿ ಆಯಿಲ್ ಕಡಿಮೆಯಾಗುತ್ತಾ ಹೋಗುವ ಗಾಡಿಯ ಕಥೆ ಬೇರೆ. ಅಲ್ಲಿ ಹೊಗೆ ನೋಡಬೇಕು. ರಾತ್ರಿ ನಿಂತು ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆಯ ಒಂದು ಮುದ್ದೆ ಬಂದರೆ ವಾಲ್ವ್ ಸೀಲ್. ಲೋಡ್ ಎಳೆಯುವಾಗ ಬಂದರೆ ರಿಂಗ್ ಅಥವಾ ಬೋರ್. ಬಹಳ ಹೊತ್ತು ಸ್ಲೋದಲ್ಲಿ ನಿಂತು ಹೊರಟಾಗ ಬಂದರೆ ಟರ್ಬೊ ಸೀಲ್.

ಈಗ ಆಯಿಲ್ ಮಾತು

ನಮ್ಮ ಗಾಡಿಗೆ ಹೊಸ ಥರ್ಮೋಸ್ಟಾಟ್ ಹಾಕಿ, ಬೆರಕೆ ಆಯಿಲ್ ಮತ್ತು ಫಿಲ್ಟರ್ ತೆಗೆದು, ಮತ್ತೆ ಅದೇ 5ಡಬ್ಲ್ಯು-30 ಸಿಂಥೆಟಿಕ್ ಹಾಕಿದೆವು. ಆಮೇಲೆ ಸ್ಕ್ಯಾನರಿನಿಂದ ನಿಂತಲ್ಲೇ ಡಿಪಿಎಫ್ ಒಳಗಿನ ಮಸಿ ಸುಡಿಸಿದೆವು. ಸಾವಿರ ಕಿಲೋಮೀಟರಿಗೆ ಮತ್ತೆ ಕಡ್ಡಿ ನೋಡಿದರೆ ಮಟ್ಟ ಇದ್ದಲ್ಲೇ ಇತ್ತು. ಮೊದಲು ಬೈಸಿಕೊಂಡ "ತೆಳ್ಳಗಿನ" ಆಯಿಲೇ ಅದು.

5ಡಬ್ಲ್ಯು ಅಂದರೆ ತಣ್ಣಗಿದ್ದಾಗಿನ ಹರಿವು. ಡಬ್ಲ್ಯು ಎಂಬುದು ಚಳಿಗಾಲದ ಗುರುತು. ಆ ದರ್ಜೆಯ ಪರೀಕ್ಷೆ ನಡೆಯುವುದು ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ. ಅಷ್ಟು ಚಳಿ ವಿಜಯಪುರ ಕಂಡಿಲ್ಲ, ಕಾಣುವುದೂ ಇಲ್ಲ. ಹಾಗಾಗಿ 5 ಇದ್ದರೂ 15 ಇದ್ದರೂ ನಮ್ಮ ಸ್ಟಾರ್ಟಿಂಗ್‌ಗೆ ದೊಡ್ಡ ಅಂತರವಿಲ್ಲ. ಎರಡನೇ ಅಂಕಿ 100 ಡಿಗ್ರಿಯಲ್ಲಿನ ದಪ್ಪ. ಹೊರಗೆ 42 ಇರಲಿ 25 ಇರಲಿ, ಥರ್ಮೋಸ್ಟಾಟ್ ಇರುವ ಎಂಜಿನ್ನಿನ ಆಯಿಲ್ ಹೆಚ್ಚುಕಡಿಮೆ ಅದೇ ಬಿಸಿಗೆ ಬಂದು ನಿಲ್ಲುತ್ತದೆ. "ನಮ್ಮ ಬಿಸಲಿಗೆ" ಎಂಬ ವಾದ ಇಲ್ಲಿ ಸೊರಗುತ್ತದೆ.

ಬೇರಿಂಗಿಗೆ ಮುಖ್ಯವಾದದ್ದು ಇನ್ನೊಂದು ಅಳತೆ: 150 ಡಿಗ್ರಿಯಲ್ಲಿ, ತೀವ್ರ ತಿಕ್ಕಾಟದಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಎಂಬುದು. ಎಸಿಇಎ ಅಂದರೆ ಯುರೋಪಿನ ವಾಹನ ತಯಾರಕರ ಸಂಘ; ಅದರ ದರ್ಜೆ ಸಿ3 ಎಂದು ಬರೆದ ಆಯಿಲ್, ಅದು 5ಡಬ್ಲ್ಯು-30 ಆದರೂ, ಕನಿಷ್ಠ 3.5 ಮಿಲಿಪಾಸ್ಕಲ್-ಸೆಕೆಂಡ್ ದಪ್ಪ ಉಳಿಸಬೇಕು. 15ಡಬ್ಲ್ಯು-40 ಮತ್ತು 20ಡಬ್ಲ್ಯು-50ಕ್ಕೆ ಇರುವ ಕನಿಷ್ಠ 3.7. ಅಂತರ ಅಷ್ಟೇ. ಆದರೆ ಎಸಿಇಎ ಸಿ2 ಎಂದಿದ್ದರೆ 2.9 ಸಾಕು, ಅದು ನಿಜಕ್ಕೂ ತೆಳು. ಎರಡರ ಡಬ್ಬಿಯ ಮೇಲೂ 5ಡಬ್ಲ್ಯು-30 ಎಂದೇ ಇರುತ್ತದೆ, ಬೆಲೆಯೂ ಆಸುಪಾಸು. ಡಬ್ಬಿಯ ಮುಂಭಾಗದ ದೊಡ್ಡ ಅಕ್ಷರ ಬಿಟ್ಟು ಹಿಂಭಾಗದ ಸಣ್ಣ ಅಕ್ಷರ ಓದುವ ಅಭ್ಯಾಸ ಇರಲಿ, ಅದನ್ನು ಗಾಡಿಯ ಪುಸ್ತಕದ ಜೊತೆ ಹೋಲಿಸಿ. ಸಿ2, ಸಿ3 ಎರಡರಲ್ಲೂ ಬೂದಿ ನೂರಕ್ಕೆ 0.8 ಮೀರುವಂತಿಲ್ಲ.

ಪುಸ್ತಕದಲ್ಲಿ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ದರ್ಜೆ ಬರೆದಿದ್ದರೆ ಡಿಪಿಎಫ್ ಗಾಡಿಗೆ ಸಿಜೆ-4 ಅಥವಾ ಸಿಕೆ-4 ನೋಡಿ. ಸಿಕೆ-4 ಬಂದದ್ದು 2016ರ ಡಿಸೆಂಬರಿನಲ್ಲಿ. ಡಿಪಿಎಫ್ ಇಲ್ಲದ ಹಳೆಯ ಪಿಕಪ್ಪಿಗೆ ಸಿಐ-4 ದರ್ಜೆಯ ಮಾಮೂಲಿ 15ಡಬ್ಲ್ಯು-40 ಹೊತ್ತಿಗೆ ಸರಿಯಾಗಿ ಬದಲಿಸಿದರೆ ಸಾಕು. ಮುಧೋಳ, ಮಹಾಲಿಂಗಪುರದ ಕಡೆ ಬೆಲ್ಲ ಹೊರುವ ಹಳೆಯ ಗಾಡಿಗೆ ದುಬಾರಿ ಸಿಂಥೆಟಿಕ್ ಹಾಕಿ ಬೋರ್ ಸವೆತ ಮುಚ್ಚಿಕೊಳ್ಳುತ್ತದೆ ಎಂದು ಕಾಯುವುದು ದುಡ್ಡಿನ ದಂಡ. ಅಲ್ಲಿ ಏರ್ ಫಿಲ್ಟರ್ ನೋಡಿ ಮೊದಲು. ಕಬ್ಬಿನ ಹಂಗಾಮಿನ ಧೂಳಿನಷ್ಟು ರಿಂಗ್ ತಿನ್ನುವುದು ಬೇರೇನೂ ಇಲ್ಲ.

ಹಾಗಾದರೆ ಸಿಂಥೆಟಿಕ್ ಯಾರಿಗೆ? ಗೋವಾದಿಂದ ಚೋರ್ಲಾ ಘಾಟಿ ಏರಿ ಬೆಳಗಾವಿಗೆ ಲೋಡ್ ತರುವವರಿಗೆ ಖಂಡಿತ. ಲೋಡ್ ತುಂಬಿ ಘಾಟಿ ಏರಿದ ಟರ್ಬೊ ಕೆಂಡದಂತೆ ಕಾಯ್ದಿರುತ್ತದೆ. ಮಾಮೂಲಿ ಆಯಿಲ್ ಅದರ ಬೇರಿಂಗಿನಲ್ಲಿ ಬೇಗ ಸೀದು ಕರಿಕು ಕಟ್ಟುತ್ತದೆ, ಒಳ್ಳೆಯ ಸಿಂಥೆಟಿಕ್ ತಡೆದುಕೊಳ್ಳುತ್ತದೆ. ಆದರೂ ಮೇಲೆ ಹೋಟೆಲ್ ಮುಂದೆ ನಿಲ್ಲಿಸಿದಾಗ ಒಂದೆರಡು ನಿಮಿಷ ಸ್ಲೋದಲ್ಲಿ ಬಿಟ್ಟು ಬಂದ್ ಮಾಡಬೇಕು. ಇನ್ನು ಹಳ್ಳಿ ತಿರುಗುವ ನಮ್ಮಂಥವರು, ಸಿಂಥೆಟಿಕ್ ಹಾಕಿದ್ದೇವೆ ಎಂದು ಬದಲಿಸುವ ಅವಧಿ ಎಳೆಯಬಾರದು. ಆಯಿಲ್ ಎಷ್ಟೇ ಬಾಳಿಕೆಯದ್ದಾದರೂ ಅದರೊಳಗಿನ ಡೀಸೆಲಿಗೆ ಅದು ಗೊತ್ತಿಲ್ಲ.

ಸಿಂಥೆಟಿಕ್ ಮತ್ತು ಮಾಮೂಲಿ ಬೆರೆತರೆ ಮೊಸರಿನಂತೆ ಒಡೆಯುತ್ತದೆ ಎಂಬುದು ಸುಳ್ಳು. ದಾರಿಯಲ್ಲಿ ಕಡಿಮೆ ಬಿದ್ದರೆ ಸಿಕ್ಕಿದ ಡೀಸೆಲ್ ಎಂಜಿನ್ ಆಯಿಲ್ ಅರ್ಧ ಲೀಟರ್ ಹಾಕಿಕೊಂಡು ಊರು ಸೇರಿ. ಖಾಲಿ ಓಡಿಸುವುದಕ್ಕಿಂತ ಅದು ಸಾವಿರ ಪಾಲು ಮೇಲು.

ಈಗ ಅಳಿಯ ವಾರಕ್ಕೊಮ್ಮೆ, ಹಾಲು ಇಳಿಸಿದ ಮೇಲೆ, ಸೋಲಾಪುರ ಹೆದ್ದಾರಿಯಲ್ಲಿ ಹೊರ್ತಿಯವರೆಗೆ ಒಂದೇ ಸಮನೆ ಓಡಿಸಿಕೊಂಡು ಬರುತ್ತಾನೆ. ಸ್ಲೋ ತುಸು ಏರಿ, ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ ಸುಡುವ ಕೆಲಸ ನಡೆದಿದೆ ಎಂದರ್ಥ. ಆಗ ಕೀ ಮುಟ್ಟುವುದಿಲ್ಲ, ಮನೆ ದಾಟಿಕೊಂಡು ಇನ್ನೊಂದು ಸುತ್ತು ಹೋಗುತ್ತಾನೆ. ಸೋಮವಾರ ಕಡ್ಡಿ ನೋಡಿ ಮಟ್ಟವನ್ನು ಕ್ಯಾನಿನ ಲೆಕ್ಕದ ಪುಸ್ತಕದಲ್ಲೇ ಬರೆಯುತ್ತಾನೆ, ಕಡಿಮೆಯಾದರೂ ಸರಿ, ಹೆಚ್ಚಾದರೂ ಸರಿ. ಉಳಿದಿದ್ದ ಎರಡು ಲೀಟರ್ 20ಡಬ್ಲ್ಯು-50 ಹೊಲದ ಹಳೇ ಪಂಪ್‌ಸೆಟ್ ಎಂಜಿನ್ನಿಗೆ ಹೋಯಿತು. ಅದಕ್ಕೆ ಡಿಪಿಎಫೂ ಇಲ್ಲ, ಆಯಿಲ್ ಬತ್ತಿಯೂ ಇಲ್ಲ.